ಎಂಜಿನ್ನಿನ ಮೊರೆತ ನಿಲ್ಲುತ್ತದೆ, ಪಕ್ಕದವರ ಮಾತು ನಿಲ್ಲುವುದಿಲ್ಲ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಡುವ ರಾತ್ರಿಯ ಎಸಿ ಸ್ಲೀಪರ್ ಬಸ್ಸು. ಇಂಥ ದೊಡ್ಡ ಎಸಿ ಬಸ್ಸುಗಳ ಎಂಜಿನ್ ಸಾಮಾನ್ಯವಾಗಿ ಇರುವುದು ಹಿಂದುಗಡೆ. ಹಾಗಾಗಿ ಕೊನೆಯ ಬರ್ತಿನಲ್ಲಿ ಮಲಗಿದವರಿಗೆ ಬೆನ್ನ ಕೆಳಗಿನಿಂದಲೇ ಗುಂಯ್ ಎನ್ನುವ ಮೊರೆತ. ತಲೆಯ ಮೇಲೆ ಎಸಿ ಗಾಳಿಯ ಸುಯ್ಲು. ಎದುರಿನ ಬರ್ತಿನಲ್ಲಿ ಯಾರೋ ಇಯರ್‌ಫೋನ್ ಇಲ್ಲದೆ ರೀಲ್ಸ್ ನೋಡುತ್ತಿದ್ದಾರೆ. ಅದರಾಚೆ ಗೊರಕೆ. ರಾಣೆಬೆನ್ನೂರು ದಾಟುವಷ್ಟರಲ್ಲಿ ಮಗುವೊಂದು ಎದ್ದು ಅಳತೊಡಗುತ್ತದೆ. ಇದನ್ನೆಲ್ಲ ಹೇಳಿ, "ನಾಯ್ಸ್ ಕ್ಯಾನ್ಸಲೇಶನ್ ಇರೋ ಬಡ್ಸ್ ತಗೊಂಡ್ರೆ ನಿಲ್ಲುತ್ತಾ?" ಎಂದು ಮೊಬೈಲ್ ಅಂಗಡಿಯಲ್ಲಿ ಕೇಳಿ ನೋಡಿ. "ಫುಲ್ ಸೈಲೆಂಟ್ ಸರ್, ಏನೂ ಕೇಳ್ಸಲ್ಲ" ಎನ್ನುವ ಉತ್ತರ ಥಟ್ಟನೆ ಬರುತ್ತದೆ.

ಆಗುವುದು ಬೇರೆ. ಎಂಜಿನ್ನಿನ ಮೊರೆತ ಬಹುಮಟ್ಟಿಗೆ ಮಾಯವಾಗುತ್ತದೆ. ಎಸಿಯ ಸುಯ್ಲು ತಗ್ಗುತ್ತದೆ. ಗೊರಕೆ ಅರೆಬರೆ ಕೇಳುತ್ತದೆ. ರೀಲ್ಸಿನ ಮಾತು ಮತ್ತು ಮಗುವಿನ ಅಳು ಮಾತ್ರ ಉಳಿಯುತ್ತವೆ. ಎಷ್ಟೋ ಸಲ ಮೊದಲಿಗಿಂತ ಸ್ಪಷ್ಟವಾಗಿಯೇ ಕೇಳುತ್ತವೆ. ಸಾವಿರಾರು ರೂಪಾಯಿ ಕೊಟ್ಟು ತಂದವರು ಮೊದಲ ಪ್ರಯಾಣದಲ್ಲೇ ಇದನ್ನು ಕಂಡು, ತಮಗೆ ಸಿಕ್ಕಿದ್ದು ಕೆಟ್ಟ ಪೀಸು ಎಂದು ಅಂಗಡಿಗೆ ವಾಪಸು ಹೋಗುತ್ತಾರೆ. ಬಡ್ಸ್ ಕೆಟ್ಟಿರುವುದಿಲ್ಲ. ಅದಕ್ಕೆ ಕೈಲಾಗುವ ಕೆಲಸವನ್ನು ಅದು ಮಾಡಿರುತ್ತದೆ, ಕೈಲಾಗದ್ದನ್ನು ಬಿಟ್ಟಿರುತ್ತದೆ. ಈ ಗೆರೆ ಎಲ್ಲಿದೆ ಎಂದು ಕೊಳ್ಳುವ ಮುಂಚೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ಆದ್ದರಿಂದ ಯಾವ ಕಂಪನಿಯದು ಒಳ್ಳೆಯದು ಎಂದು ವಿಚಾರಿಸುವ ಮುಂಚೆ, ನನಗೆ ತೊಂದರೆ ಕೊಡುತ್ತಿರುವ ಸದ್ದು ಯಾವುದು ಎಂದು ಕೇಳಿಕೊಳ್ಳಬೇಕು. ನನ್ನ ಮಾತಿನ ತಿರುಳು ಇಷ್ಟೇ. ಇದಕ್ಕೆ ಸೇರಿಸುವುದಿದ್ದರೆ, ಬಡ್ಸಿನ ತುದಿಯಲ್ಲಿರುವ ಆ ಪುಟ್ಟ ರಬ್ಬರ್ ಟಿಪ್ಪಿನ ವಿಚಾರ.

ಸದ್ದಿಗೆ ಎದುರು ಸದ್ದು

ಸದ್ದೆಂದರೆ ಗಾಳಿಯ ಒತ್ತಡದ ಏರಿಳಿತ. ಬಡ್ಸಿನ ಹೊರಮೈಯಲ್ಲಿರುವ ಸಣ್ಣ ಮೈಕು ಬರುತ್ತಿರುವ ಏರಿಳಿತವನ್ನು ಅಳೆಯುತ್ತದೆ. ಒಳಗಿನ ಚಿಪ್ ಅದಕ್ಕೆ ಸರಿಯಾಗಿ ತಿರುವುಮುರುವಾದ ಏರಿಳಿತವನ್ನು ಲೆಕ್ಕ ಹಾಕಿ ಸ್ಪೀಕರಿನಿಂದ ಹೊರಡಿಸುತ್ತದೆ. ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಿದ್ದು ಎರಡೂ ಅಳಿಯುತ್ತವೆ. ಒಳ್ಳೆಯ ಬಡ್ಸಿನಲ್ಲಿ ಕಿವಿಯ ಕಡೆಗೂ ಇನ್ನೊಂದು ಮೈಕು ಇದ್ದು, ಇನ್ನೂ ಎಷ್ಟು ಸದ್ದು ಉಳಿದಿದೆ ಎಂದು ನೋಡಿ ತಿದ್ದುತ್ತಿರುತ್ತದೆ. ಡಬ್ಬದ ಮೇಲೆ 'ಹೈಬ್ರಿಡ್ ಎಎನ್‌ಸಿ' ಎಂದು ಬರೆದಿರುವುದು ಈ ಒಳಗೂ ಹೊರಗೂ ಮೈಕು ಇರುವ ಏರ್ಪಾಟನ್ನೇ. ಎಎನ್‌ಸಿ ಎಂದರೆ ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್.

ಇದರಲ್ಲಿ ಗುಟ್ಟೆಲ್ಲ ಇರುವುದು ಗಳಿಗೆಯಲ್ಲಿ. ತೂಗುತ್ತಿರುವ ಜೋಕಾಲಿಯನ್ನು ಎದುರಿನಿಂದ ಸರಿಯಾದ ಗಳಿಗೆಗೆ ತಡೆದರೆ ಅದು ನಿಲ್ಲುತ್ತದೆ. ಗಳಿಗೆ ತಪ್ಪಿದರೆ ನಮ್ಮ ಕೈಯೇ ಅದನ್ನು ಇನ್ನಷ್ಟು ಜೋರಾಗಿ ತೂಗುತ್ತದೆ. ಬಸ್ಸಿನ ಎಂಜಿನ್ನನ್ನೇ ತೆಗೆದುಕೊಳ್ಳೋಣ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಇಂಧನ ಉರಿಸುತ್ತದೆ. ಆರು ಸಿಲಿಂಡರಿನ ಡೀಸೆಲ್ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 75 ಬಡಿತ. ಅಂದರೆ 75 ಹರ್ಟ್ಸ್. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 75 ಹರ್ಟ್ಸಿನ ಒಂದು ಅಲೆಯ ಉದ್ದ ನಾಲ್ಕೂವರೆ ಮೀಟರಿಗೂ ಮಿಗಿಲು. ಇಂಥ ನಿಧಾನದ ಉದ್ದನೆಯ ಅಲೆಗೆ ಎದುರು ಸದ್ದು ತಯಾರಿಸಲು ಚಿಪ್ಪಿಗೆ ಬೇಕಾದಷ್ಟು ಸಮಯವಿರುತ್ತದೆ. ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತಡವಾದರೂ ಮೊರೆತದ ಒತ್ತಡವನ್ನು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಸಬಹುದು ಎನ್ನುತ್ತದೆ ಲೆಕ್ಕ.

ಅದೇ ತಡ 4000 ಹರ್ಟ್ಸಿನ ಸದ್ದಿಗೆ ಆದರೆ? ಅಲೆ ಆಗಲೇ ಅರ್ಧದ ಹತ್ತಿರ ಮುಂದೆ ಸರಿದಿರುತ್ತದೆ. ಎದುರು ಸದ್ದು ಅಳಿಸುವ ಬದಲು ಜೊತೆಗೂಡಿ ಸದ್ದನ್ನು ಹೆಚ್ಚಿಸಿಬಿಡುತ್ತದೆ. ಹೀಗಾಗಬಾರದೆಂದು ತಯಾರಕರೇ ಎಎನ್‌ಸಿಯ ಕೆಲಸವನ್ನು ಕೆಳದನಿಗಳಿಗೆ ಮಿತಿಗೊಳಿಸಿರುತ್ತಾರೆ. ಸುಮಾರು 1000 ಹರ್ಟ್ಸ್ ದಾಟಿದ ಮೇಲೆ ಅದರ ಪಾತ್ರ ತೀರ ಕಡಿಮೆ.

ಮನುಷ್ಯರ ಮಾತು ಕುಳಿತಿರುವುದು ಈ ಗೆರೆಯ ಮೇಲೇ. ಗಂಡು ದನಿಯ ಮೂಲ ಸ್ವರ ನೂರು ನೂರೈವತ್ತು ಹರ್ಟ್ಸಿನ ಆಸುಪಾಸು, ಹೆಣ್ಣು ದನಿಯದು ಇನ್ನೂರರ ಮೇಲೆ. ಆದರೆ ಆಡಿದ ಮಾತು ಏನೆಂದು ನಮಗೆ ತಿಳಿಯುವುದು ಸ, ಶ, ತ, ಕ ಮುಂತಾದ ವ್ಯಂಜನಗಳಿಂದ. ಅವು ಇರುವುದು ಹೆಚ್ಚಾಗಿ 1000ದಿಂದ 4000 ಹರ್ಟ್ಸ್ ನಡುವೆ ಮತ್ತು ಅದರ ಮೇಲೆ. ಎಎನ್‌ಸಿ ದನಿಯ ತೂಕವನ್ನು ಕಡಿಮೆ ಮಾಡುತ್ತದೆ, ಮಾತಿನ ಸ್ಪಷ್ಟತೆಯನ್ನು ಮುಟ್ಟುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಹೊತ್ತು ಆ ಮಾತನ್ನು ಮುಚ್ಚಿಟ್ಟಿದ್ದ ಎಂಜಿನ್ನಿನ ಮೊರೆತವನ್ನೇ ಅದು ತೆಗೆದುಹಾಕಿರುತ್ತದೆ. ಎದುರಿನ ಬರ್ತಿನ ರೀಲ್ಸು ಮೊದಲಿಗಿಂತ ಸ್ಪಷ್ಟವಾಗಿ ಕೇಳುವುದು ಇದರಿಂದಲೇ. ಮಗುವಿನ ಅಳುವೂ ಹಾಗೆಯೇ: ಅದರ ಮೂಲ ಸ್ವರ ಸುಮಾರು 400–500 ಹರ್ಟ್ಸ್ ಇದ್ದರೂ ಎದೆಗೆ ಚುಚ್ಚುವ ಭಾಗ ಇರುವುದು ಅದರ ಮೇಲಿನ ಪದರಗಳಲ್ಲಿ. ನಮ್ಮ ಕಿವಿ ಅತಿ ಚುರುಕಾಗಿರುವುದೂ 2000ದಿಂದ 5000 ಹರ್ಟ್ಸ್ ನಡುವೆಯೇ.

ಈ ವಿದ್ಯೆ ವಿಮಾನದ ಸುತ್ತ ಬೆಳೆದದ್ದು ಆಕಸ್ಮಿಕವಲ್ಲ. ಸದ್ದನ್ನು ಎದುರು ಸದ್ದಿನಿಂದ ಅಳಿಸುವ ಆಲೋಚನೆಗೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದನ್ನು ಕೈಗೂಡಿಸುವ ಉಪಕರಣ ಆಗ ಇರಲಿಲ್ಲ. 1978ರಲ್ಲಿ ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್ ಜ್ಯೂರಿಕ್‌ನಿಂದ ಬಾಸ್ಟನ್ನಿಗೆ ಹೊರಟಿದ್ದರು. ಬಂಗಾಳದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಅಮೆರಿಕ ಸೇರಿದ್ದ ನೋನಿ ಗೋಪಾಲ್ ಬೋಸರ ಮಗ ಇವರು. ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಸಂಗೀತ ಕೇಳಲು ಹೋದರೆ ಎಂಜಿನ್ನಿನ ಭೋರ್ಗರೆತವೇ ಮುಂದು. ಇಳಿಯುವಷ್ಟರಲ್ಲಿ ಅವರು ಅದನ್ನು ಅಳಿಸಲು ಬೇಕಾದ ಗಣಿತದ ಮೊದಲ ಲೆಕ್ಕಗಳನ್ನು ಹಾಕಿಕೊಂಡಿದ್ದರು. ಅಲ್ಲಿಂದ ಮುಂದಕ್ಕೆ ಹನ್ನೊಂದು ವರ್ಷ ಬೇಕಾಯಿತು: ಪೈಲಟ್‌ಗಳಿಗೆಂದು ಅವರ ಕಂಪನಿಯ ಮೊದಲ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ನಡುವೆ 1986ರಲ್ಲಿ, ಎಲ್ಲೂ ಇಳಿಯದೆ, ಇಂಧನ ತುಂಬಿಸದೆ ಭೂಮಿಯನ್ನು ಸುತ್ತಿದ 'ವಾಯೇಜರ್' ವಿಮಾನದ ಇಬ್ಬರು ಚಾಲಕರು ಇದರ ಮಾದರಿಯನ್ನು ಕಿವಿಗೆ ಹಾಕಿಕೊಂಡಿದ್ದರು. ಆ ಕಂಪನಿಯ ಹೆಡ್‌ಫೋನ್ ಪ್ರಯಾಣಿಕರ ಕೈಗೆ ಸಿಕ್ಕಿದ್ದು 2000ದಲ್ಲಿ. ತಂತಿಯಿಲ್ಲದ ಪುಟ್ಟ ಬಡ್ಸಿಗೆ ಈ ವಿದ್ಯೆ ಇಳಿದದ್ದು 2017ರ ಸುಮಾರಿಗೆ. ಸೋನಿ, ಆ್ಯಪಲ್ ಕಂಪನಿಗಳ 2019ರ ಬಡ್ಸ್‌ಗಳಿಂದ ಅದು ಎಲ್ಲರ ಬಾಯಲ್ಲೂ ಬಂತು. ವಿಮಾನದ ಎಂಜಿನ್ ಗಂಟೆಗಟ್ಟಲೆ ಒಂದೇ ಸಮನೆ ಮೊರೆಯುತ್ತದೆ. ಹಾಗೆ ಒಂದೇ ಸಮನೆ, ಕೆಳದನಿಯಲ್ಲಿ ಬರುವ ಸದ್ದಿಗೆಂದೇ ಹುಟ್ಟಿದ ಉಪಾಯವಿದು.

ಟಿಪ್ಪಿನ ಮಹತ್ವ

ಹಾಗಾದರೆ ಮೇಲಿನ ದನಿಗಳನ್ನು ತಡೆಯುವವರು ಯಾರು? ಕಿವಿಯ ತೂತನ್ನು ಗಟ್ಟಿಯಾಗಿ ಮುಚ್ಚುವ ಟಿಪ್ಪು. ಚಿಪ್ಪಿನ ಕೆಲಸಕ್ಕೆ ಸಿಗದ ಚುಚ್ಚುದನಿಗಳನ್ನೆಲ್ಲ ತಡೆಯಬೇಕಾದದ್ದು ಅದೇ. ಮುಚ್ಚಿಗೆ ಸಡಿಲವಾಗಿದ್ದರೆ ಎಎನ್‌ಸಿಯೂ ಕೆಡುತ್ತದೆ, ಏಕೆಂದರೆ ಸಂದಿಯಿಂದ ಕೆಳದನಿಗಳು ನೇರವಾಗಿ ಒಳನುಗ್ಗುತ್ತವೆ. ಟಿಪ್ ಸರಿಹೊಂದದ 25 ಸಾವಿರದ ಬಡ್ಸಿಗಿಂತ ಟಿಪ್ ಸರಿಯಾಗಿ ಕೂತ ಮೂರು ಸಾವಿರದ ಬಡ್ಸು ಹೆಚ್ಚು ಸದ್ದು ತಡೆಯುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಕಿವಿಯ ನಾಳ ವಯಸ್ಕರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ನೆಟ್ಟಗಿರುವುದಿಲ್ಲ, ಸ್ವಲ್ಪ ಬಾಗಿ ಬಳುಕಿರುತ್ತದೆ. ಒಬ್ಬೊಬ್ಬರದು ಒಂದೊಂದು ಅಳತೆ. ಒಬ್ಬರದೇ ಎಡಗಿವಿ, ಬಲಗಿವಿಗಳೂ ಒಂದೇ ಆಗಿರಬೇಕೆಂದಿಲ್ಲ. ಡಬ್ಬದಲ್ಲಿ ಮೂರು ಅಳತೆಯ ಟಿಪ್ಪುಗಳನ್ನು ಕೊಟ್ಟಿರುವುದು ಇದಕ್ಕೇ. ಬಹಳ ಜನ ಬಡ್ಸಿಗೆ ಮೊದಲೇ ಸಿಕ್ಕಿಸಿಟ್ಟ ನಡುವಿನ ಅಳತೆಯದನ್ನೇ ಹಾಕಿಕೊಂಡು, ಉಳಿದ ಎರಡು ಜೊತೆ ಇರುವ ಪುಟ್ಟ ಪ್ಲಾಸ್ಟಿಕ್ ಚೀಲವನ್ನು ಡಬ್ಬದಲ್ಲೇ ಬಿಟ್ಟು ಅಟ್ಟಕ್ಕೆ ಹಾಕುತ್ತಾರೆ. ಆ ಚೀಲವನ್ನು ಬಿಚ್ಚಿ. ಒಂದು ಕಿವಿಗೆ ದೊಡ್ಡದು, ಇನ್ನೊಂದಕ್ಕೆ ನಡುವಿನದು ಬೇಕಾದರೆ ಹಾಗೆಯೇ ಹಾಕಿಕೊಳ್ಳಿ.

ಸರಿಯಾಗಿ ಕೂತಿದೆಯೇ ಎಂದು ನೋಡುವುದು ಸುಲಭ. ಬಡ್ಸನ್ನು ಒಳಗಿಟ್ಟು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಬಾಯಿ ಮುಚ್ಚಿಕೊಂಡು 'ಮ್' ಎಂದು ಗುನುಗಿ. ನಿಮ್ಮದೇ ದನಿ ತಲೆಯೊಳಗೆ ತುಂಬಿಕೊಂಡಂತೆ ದಪ್ಪವಾಗಿ ಕೇಳಬೇಕು. ಎರಡೂ ಕಡೆ ಸಮನಾಗಿ ಕೇಳಬೇಕು. ಒಂದು ಕಡೆ ತೆಳುವಾದರೆ ಆ ಕಡೆಯ ಟಿಪ್ ಬದಲಿಸಿ. ಎರಡನೆಯ ಪರೀಕ್ಷೆ ನನಗೆ ಇನ್ನೂ ಇಷ್ಟ. ತಬಲಾ ಇರುವ ಯಾವುದಾದರೂ ಹಿಂದುಸ್ತಾನಿ ಗಾಯನವನ್ನು ಹಾಕಿ, ಡಗ್ಗಾದ ಗುಮಕಿಗೆ ಕಿವಿಗೊಡಿ. ಅಂಗೈ ಒತ್ತಿ ಎಳೆದಾಗ ಹೊರಡುವ ಆ ತುಂಬು ದನಿ ಹೊಟ್ಟೆಯವರೆಗೆ ಇಳಿದರೆ ಮುಚ್ಚಿಗೆ ಗಟ್ಟಿಯಾಗಿದೆ. ಬಲಗೈಯ ಟಣಟಣ ಮಾತ್ರ ಕೇಳಿ ಡಗ್ಗಾ ಕಾಗದದ ಮೇಲೆ ಬಡಿದಂತಿದ್ದರೆ ಗಾಳಿ ಸೋರುತ್ತಿದೆ. ಕರ್ನಾಟಕ ಸಂಗೀತ ಕೇಳುವವರು ಮೃದಂಗದ ಎಡಮುಖದಿಂದ ಇದೇ ಪರೀಕ್ಷೆ ಮಾಡಬಹುದು. ಬಡ್ಸನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ: ಒತ್ತಿದ ಕೂಡಲೇ ಕೆಳದನಿ ತುಂಬಿ ಬಂದರೆ ನಿಮಗೆ ಇನ್ನೊಂದು ಅಳತೆ ದೊಡ್ಡದು ಬೇಕೆಂದೇ ಅರ್ಥ.

ಸಿಲಿಕೋನ್ ಟಿಪ್ಪಿನಲ್ಲಿ ಯಾವುದೂ ಹೊಂದದವರಿಗೆ ಸ್ಪಂಜಿನಂಥ ಫೋಮ್ ಟಿಪ್ಪುಗಳು ಬೇರೆಯಾಗಿ ಸಿಗುತ್ತವೆ. ಬೆರಳಲ್ಲಿ ಹಿಸುಕಿ ಒಳಗಿಟ್ಟರೆ ಕಿವಿಯ ಆಕಾರಕ್ಕೆ ತಕ್ಕಂತೆ ನಿಧಾನವಾಗಿ ಅರಳಿ ಮುಚ್ಚಿಕೊಳ್ಳುತ್ತವೆ. ಮಾತಿನ ಸದ್ದಿನಿಂದ ಬೇಸತ್ತವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೊರತೆಯೂ ಇದೆ: ಬೇಗ ಕೊಳೆಯಾಗುತ್ತವೆ, ಕೆಲವೇ ತಿಂಗಳಲ್ಲಿ ಬದಲಿಸಬೇಕಾಗುತ್ತದೆ, ಚಾರ್ಜಿಂಗ್ ಕೇಸಿನ ಮುಚ್ಚಳ ಸರಿಯಾಗಿ ಕೂರುವಷ್ಟು ಗಿಡ್ಡವಾಗಿರಬೇಕು.

ಇನ್ನು ಟಿಪ್ಪೇ ಇಲ್ಲದ, ಕಿವಿಯ ಬಾಯಲ್ಲಿ ಸುಮ್ಮನೆ ಕೂರುವ ಮಾದರಿಗಳು. ಹಗುರ, ಹಿತ, ಹಾಕಿಕೊಂಡದ್ದೇ ಗೊತ್ತಾಗುವುದಿಲ್ಲ. ಅವುಗಳಲ್ಲೂ ಎಎನ್‌ಸಿ ಬಂದಿದೆ. ಆದರೆ ಸದ್ದು ತಡೆಯುವುದೇ ನಿಮ್ಮ ಮುಖ್ಯ ಉದ್ದೇಶವಾದರೆ ಅವು ಬೇಡ.

ಡಬ್ಬದ ಮೇಲಿನ ಅಕ್ಷರ

ಅಂಗಡಿಯಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಎರಡು ಗುರುತುಗಳ ನಡುವೆ: ಎಎನ್‌ಸಿ ಮತ್ತು ಇಎನ್‌ಸಿ. ಮೊದಲನೆಯದು ನಿಮ್ಮ ಕಿವಿಗೆ ಬೀಳುವ ಸದ್ದನ್ನು ತಗ್ಗಿಸುತ್ತದೆ. ಎರಡನೆಯದು ನೀವು ಫೋನಿನಲ್ಲಿ ಮಾತಾಡುವಾಗ ನಿಮ್ಮ ಮೈಕಿಗೆ ಬೀಳುವ ಹಿನ್ನೆಲೆ ಸದ್ದನ್ನು ಸೋಸುತ್ತದೆ. ಅದರ ಲಾಭ ಆ ಕಡೆ ಕೇಳುವವರಿಗೆ, ನಿಮಗಲ್ಲ. ಸಾವಿರ ರೂಪಾಯಿ ಆಸುಪಾಸಿನ ಎಷ್ಟೋ ಬಡ್ಸಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 'ನಾಯ್ಸ್ ಕ್ಯಾನ್ಸಲೇಶನ್' ಎಂದಿದ್ದು, ಅದರ ಮುಂದೆಯೋ ಹಿಂದೆಯೋ ಸಣ್ಣದಾಗಿ ಇಎನ್‌ಸಿ ಎಂದಿರುತ್ತದೆ. ಮನೆಯಿಂದ ಕೆಲಸ ಮಾಡುವ, ದಿನವಿಡೀ ಕಾಲ್‌ಗಳಲ್ಲಿರುವ ಸೊಸೆಗೆಂದು ಅತ್ತೆ ಪ್ರೀತಿಯಿಂದ ತಂದುಕೊಟ್ಟ ಬಡ್ಸಿನಲ್ಲಿ ಇಎನ್‌ಸಿ ಮಾತ್ರ ಇದ್ದರೆ ಆಕೆಯ ಮೇಲಧಿಕಾರಿಗೆ ಈ ಮನೆಯ ಮಿಕ್ಸಿ ಕೇಳಿಸದೇ ಇರಬಹುದು. ಆಕೆಗಂತೂ ಕೇಳಿಸುತ್ತಲೇ ಇರುತ್ತದೆ. ಎರಡೂ ಬೇಕಾದರೆ ಎರಡೂ ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು.

ಆಮೇಲೆ ಡೆಸಿಬಲ್ ಲೆಕ್ಕ. 32, 45, 50 ಎಂದು ದೊಡ್ಡ ಅಂಕಿಗಳನ್ನು ಮುದ್ರಿಸಿರುತ್ತಾರೆ. ಅದರ ಹಿಂದೆ 'ವರೆಗೆ' ಎಂಬ ಅರ್ಥದ ಪದವೊಂದು ಇದ್ದೇ ಇರುತ್ತದೆ. ಪ್ರಯೋಗಾಲಯದಲ್ಲಿ, ಮುಚ್ಚಿಗೆ ಅಚ್ಚುಕಟ್ಟಾಗಿ ಕೂತಾಗ, ಯಾವುದೋ ಒಂದು ಕೆಳದನಿಯ ಪಟ್ಟಿಯಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕಿ ಅದು. ಎಲ್ಲ ಸದ್ದೂ ಅಷ್ಟು ಇಳಿಯುತ್ತದೆ ಎಂದಲ್ಲ. ಹತ್ತು ಡೆಸಿಬಲ್ ಇಳಿದರೆ ಸದ್ದು ಕಿವಿಗೆ ಸರಿಸುಮಾರು ಅರ್ಧದಷ್ಟಾಗಿ ಕೇಳುತ್ತದೆ, ಇಪ್ಪತ್ತು ಇಳಿದರೆ ಕಾಲು ಭಾಗ. ಅಷ್ಟು ಸಿಕ್ಕರೂ ದೊಡ್ಡ ನೆಮ್ಮದಿಯೇ. 45 ಮತ್ತು 50ರ ನಡುವಿನ ವ್ಯತ್ಯಾಸಕ್ಕೆ ಸಾವಿರ ರೂಪಾಯಿ ಹೆಚ್ಚು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಈಗ ಎರಡು ಸಾವಿರದ ಆಸುಪಾಸಿನಲ್ಲೇ ನಿಜವಾದ ಎಎನ್‌ಸಿ ಸಿಗುತ್ತದೆ. ಬೋಟ್, ನಾಯ್ಸ್, ರಿಯಲ್‌ಮಿ, ಸಿಎಂಎಫ್, ಒನ್‌ಪ್ಲಸ್ ನಾರ್ಡ್ ಎಲ್ಲವೂ ಈ ಪೈಪೋಟಿಯಲ್ಲಿವೆ. ಬಸ್ಸು, ರೈಲಿನ ಮೊರೆತ ತಗ್ಗಿಸಲು ಇವು ಸಾಕು. ಐದರಿಂದ ಹತ್ತು ಸಾವಿರದ ನಡುವಿನವುಗಳಲ್ಲಿ ಎಎನ್‌ಸಿ ಕೆಲಸ ಮಾಡುವ ದನಿಗಳ ಹರವು ಹೆಚ್ಚು, ಹೊರಗಿನದನ್ನು ಕೇಳಿಸುವ ಮೋಡ್ ಸಹಜವಾಗಿರುತ್ತದೆ. ಇಪ್ಪತ್ತು ಸಾವಿರದ ಮೇಲಿನ ಸೋನಿ, ಬೋಸ್, ಆ್ಯಪಲ್‌ಗಳು ಮಾತಿನ ದನಿಯನ್ನೂ ಒಂದಿಷ್ಟು ತಗ್ಗಿಸುವ ಮಟ್ಟಕ್ಕೆ ಬಂದಿವೆ. ವಾರಕ್ಕೊಮ್ಮೆ ವಿಮಾನ ಹತ್ತುವವರಿಗೆ ಆ ಹಣ ಸಾರ್ಥಕ. ಆದರೆ ಎಷ್ಟೇ ಕೊಟ್ಟರೂ ಒಳಗಿರುವ ಪುಟ್ಟ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ, ಬಹುಪಾಲು ಮಾದರಿಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡೇ ಬೆಲೆ ನಿರ್ಧರಿಸಿ. ಬ್ಲೂಟೂತ್ ಆವೃತ್ತಿ, ಎಲ್‌ಡಿಎಸಿ, ಎಎಸಿ ಎಂಬ ಕೋಡೆಕ್ ಹೆಸರುಗಳಿಗೂ ಹೊರಸದ್ದು ತಡೆಯುವುದಕ್ಕೂ ಸಂಬಂಧವೇ ಇಲ್ಲ.

ಅಂಗಡಿಯಲ್ಲಿ ಕೇಳಿ ನೋಡಲು ಬಿಟ್ಟರೆ ಸಂಗೀತ ಹಾಕಬೇಡಿ. ಹಾಡು ಶುರುವಾದರೆ ಎಲ್ಲ ಬಡ್ಸೂ ಒಳ್ಳೆಯದಾಗಿ ಕೇಳುತ್ತದೆ. ಹಾಡಿಲ್ಲದೆ ಎಎನ್‌ಸಿ ಮಾತ್ರ ಹಾಕಿ, ಅಂಗಡಿಯ ಎಸಿ ಅಥವಾ ಫ್ಯಾನಿನ ಕೆಳಗೆ ನಿಂತು, ಆನ್ ಮಾಡಿ ಆಫ್ ಮಾಡಿ ನೋಡಿ. ಅಗ್ಗದವುಗಳಲ್ಲಿ ಸಣ್ಣಗೆ 'ಸ್ಸ್' ಎನ್ನುವ ಸದ್ದು ಸದಾ ಇರುತ್ತದೆ; ಅದು ಆ ಯಂತ್ರದ್ದೇ ಸದ್ದು. ಕೆಲವರಿಗೆ ಎಎನ್‌ಸಿ ಹಾಕಿದೊಡನೆ ಘಾಟಿ ಹತ್ತುವಾಗಿನಂತೆ ಕಿವಿ ಒತ್ತಿದ ಅನುಭವ ಆಗುತ್ತದೆ. ನಿಜವಾದ ಗಾಳಿಯ ಒತ್ತಡವೇನೂ ಬದಲಾಗಿರುವುದಿಲ್ಲ. ಆದರೂ ಅದು ಸಹಿಸಲಾಗದಿದ್ದರೆ ಎಎನ್‌ಸಿಯ ಮಟ್ಟವನ್ನು ತಗ್ಗಿಸಲು ಬರುವ ಮಾದರಿಯನ್ನೇ ಕೊಳ್ಳಿ.

ಕೆಂಪು ಬಸ್ಸು, ಎಲೆಕ್ಟ್ರಿಕ್ ಬಸ್ಸು, ಅಡುಗೆಮನೆ

ಕಿಟಕಿ ತೆರೆದಿಟ್ಟ ಕೆಂಪು ಬಸ್ಸಿನಲ್ಲಿ ಎಎನ್‌ಸಿ ಇನ್ನೊಂದು ತೊಂದರೆಗೆ ಸಿಕ್ಕಿಕೊಳ್ಳುತ್ತದೆ. ಗಾಳಿ ನೇರವಾಗಿ ಹೊರಮೈಕಿಗೆ ಬಡಿಯುತ್ತದೆ. ಮೈಕು ಅದನ್ನು ಸದ್ದೆಂದು ತಿಳಿದು ಎದುರು ಸದ್ದು ಹೊರಡಿಸುತ್ತದೆ. ಕಿವಿಯೊಳಗೆ ಭರ್ ಎನ್ನುವ ಆರ್ಭಟ. ಕಿಟಕಿ ಪಕ್ಕ ಕೂತರೆ ಎಎನ್‌ಸಿ ಆರಿಸಿ ಟಿಪ್ಪಿನ ಮುಚ್ಚಿಗೆಯನ್ನೇ ನಂಬುವುದು ಮೇಲು. ಗಾಳಿಯ ಸದ್ದನ್ನು ಗುರುತಿಸಿ ತಾನೇ ತಗ್ಗಿಕೊಳ್ಳುವ ಮೋಡ್ ಕೆಲವು ಬಡ್ಸಿನಲ್ಲಿದೆ. ದಿನಾ ಕೆಂಪು ಬಸ್ಸಿನಲ್ಲಿ ಓಡಾಡುವವರು ಅದನ್ನು ವಿಚಾರಿಸಿ ಕೊಳ್ಳಬೇಕು.

ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಡೀಸೆಲ್ ಎಂಜಿನ್ನಿನ ಮೊರೆತ ಇಲ್ಲವೇ ಇಲ್ಲ. ಉಳಿದಿರುವುದು ಜನರ ಮಾತು, ಫೋನಿನ ಸ್ಪೀಕರು, ಹೊರಗಿನ ಹಾರ್ನು. ಎಎನ್‌ಸಿ ಅತಿ ಚೆನ್ನಾಗಿ ಮಾಡಬಲ್ಲ ಕೆಲಸವೇ ಅಲ್ಲಿ ಕಡಿಮೆ. ಮೆಟ್ರೊದ ಸುರಂಗದಲ್ಲಿ ಮೊರೆತ ತಗ್ಗುತ್ತದೆ, ತಿರುವಿನಲ್ಲಿ ಗಾಲಿ ಹಳಿಗೆ ಉಜ್ಜುವ ಕೀರಲು ತಗ್ಗುವುದಿಲ್ಲ.

ಮನೆಯಲ್ಲಿ ಓದಲು ಕೂತ ಮಕ್ಕಳಿಗೆ ತೊಂದರೆ ಕೊಡುವುದು ಏನು? ಫ್ಯಾನು, ಕೂಲರು, ಪಕ್ಕದ ಮನೆಯ ಬೋರ್‌ವೆಲ್ ಮೋಟರು: ಎಎನ್‌ಸಿಗೆ ಸಲೀಸು. ಮಿಕ್ಸಿ ಅರ್ಧಂಬರ್ಧ; ಅದರ ಮೋಟರು ನಿಮಿಷಕ್ಕೆ 18 ಸಾವಿರ ಸುತ್ತಿನ ಆಸುಪಾಸು ತಿರುಗುವಂಥದ್ದು, ಕೆಳದನಿಯಿಂದ ಚುಚ್ಚುದನಿಯವರೆಗೆ ಎಲ್ಲವನ್ನೂ ಒಟ್ಟಿಗೆ ಚೆಲ್ಲುತ್ತದೆ. ಕುಕ್ಕರಿನ ಸೀಟಿ, ಪಕ್ಕದ ಸೈಟಿನಲ್ಲಿ ಗ್ರಾನೈಟ್ ಕುಯ್ಯುವ ಕಟರು, ನಾಯಿಯ ಬೊಗಳು, ಟಿವಿ ಧಾರಾವಾಹಿಯ ಮಾತು: ಇವು ಟಿಪ್ಪಿನ ಪಾಲಿನವು. ಮುಚ್ಚಿಗೆ ಗಟ್ಟಿ ಮಾಡಿ, ಮಳೆಯ ಸದ್ದನ್ನೋ ತಂಬೂರಿ ಶ್ರುತಿಯನ್ನೋ ಸಣ್ಣಗೆ ಹಾಕಿಕೊಂಡರೆ ಮಾತಿನ ವ್ಯಂಜನಗಳು ಅದರೊಳಗೆ ಮುಳುಗಿ, ಗಮನ ಎಳೆಯುವುದು ನಿಲ್ಲುತ್ತದೆ. ಮಾತು ಕೇಳಿಸಿದರೂ ಅರ್ಥವಾಗದಂತಾದರೆ ಓದಿಗೆ ಅಷ್ಟೇ ಸಾಕು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಸದ್ದಿನಿಂದ ಪಾರಾಗುವ ಹೊರೆಯೆಲ್ಲ ಕೇಳುವವರ ಜೇಬಿನ ಮೇಲೆ ಬೀಳುವುದು ಸರಿಯಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ. ಸರ್ಕಾರಿ ಬಸ್ಸುಗಳಲ್ಲಿ ಮೊಬೈಲ್ ಸ್ಪೀಕರಿನಲ್ಲಿ ಜೋರಾಗಿ ಹಾಡು, ವಿಡಿಯೊ ಹಾಕುವುದನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ನಿರ್ಬಂಧಿಸಿತು. "ಕಂಡಕ್ಟರ್ ಸಾಹೇಬ್ರ, ಸ್ವಲ್ಪ ಸೌಂಡ್ ಕಡಿಮಿ ಮಾಡ್ಸ್ರಿ" ಎಂದು ಕೇಳುವ ಹಕ್ಕು ನಮಗಿದೆ. ಎದುರಿನ ಬರ್ತಿನ ರೀಲ್ಸಿಗೆ ಯಾವ ಬಡ್ಸಿಗಿಂತಲೂ ಅದೇ ಒಳ್ಳೆಯ ಮದ್ದು.

ವಾಲ್ಯೂಮು

ನನ್ನ ಮಟ್ಟಿಗೆ ಸದ್ದು ತಡೆಯುವ ಬಡ್ಸಿನ ಅತಿ ದೊಡ್ಡ ಉಪಕಾರ ನೆಮ್ಮದಿಗಿಂತ ಹೆಚ್ಚಾಗಿ ವಾಲ್ಯೂಮಿಗೆ ಸಂಬಂಧಿಸಿದ್ದು. ಸುತ್ತಲಿನ ಸದ್ದು ಏರಿದಷ್ಟೂ ಅದರ ಮೇಲೆ ಹಾಡು ಕೇಳಲೆಂದು ನಾವು ವಾಲ್ಯೂಮ್ ಏರಿಸುತ್ತೇವೆ, ಏರಿಸಿದ್ದು ನಮಗೇ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ಲಾದರೆ ವಾರಕ್ಕೆ ನಾಲ್ಕೇ ಗಂಟೆ. 100 ಆದರೆ ವಾರಕ್ಕೆ 20 ನಿಮಿಷ. ಮಕ್ಕಳಿಗೆ ಇನ್ನೂ ಕಡಿಮೆ: 75 ಡೆಸಿಬಲ್ಲಿಗೆ 40 ಗಂಟೆ. ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕೂತು 90 ಡೆಸಿಬಲ್ಲಿನಲ್ಲಿ ಹಾಡು ಕೇಳುವ ಕಾಲೇಜು ಹುಡುಗಿ ಮಂಗಳವಾರ ಸಂಜೆಗೇ ವಾರದ ಪಾಲನ್ನು ಮುಗಿಸಿರುತ್ತಾಳೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಎಎನ್‌ಸಿ ಹಾಕಿಯೂ ವಾಲ್ಯೂಮ್ ಅಷ್ಟೇ ಇಟ್ಟರೆ ಏನೂ ಪ್ರಯೋಜನವಿಲ್ಲ. ಬಡ್ಸ್ ತಂದ ಮೊದಲ ದಿನವೇ ಫೋನಿನ ಸೆಟ್ಟಿಂಗಿಗೆ ಹೋಗಿ ವಾಲ್ಯೂಮಿನ ಗರಿಷ್ಠ ಮಿತಿಯನ್ನು ಇಳಿಸಿ. ಮಕ್ಕಳ ಫೋನಿನಲ್ಲಂತೂ ತಪ್ಪದೆ. ಬಡ್ಸ್ ತೆಗೆದ ಮೇಲೂ ಕಿವಿಯಲ್ಲಿ ಕುಂಯ್ ಎನ್ನುತ್ತಿದ್ದರೆ, ಅಥವಾ ಎದುರಿನವರ ಮಾತನ್ನು ಪದೇ ಪದೇ "ಏನು?" ಎಂದು ಕೇಳುವಂತಾಗಿದ್ದರೆ ಹೊಸ ಬಡ್ಸಿನ ಮಾತು ಪಕ್ಕಕ್ಕಿಟ್ಟು ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಹಾಗೆಯೇ ಪವರ್‌ಲೂಮ್, ಕಲ್ಲು ಕ್ರಷರ್, ಡ್ರಿಲ್ಲಿಂಗ್‌ನಲ್ಲಿ ದುಡಿಯುವವರು ಇಯರ್‌ಬಡ್ಸನ್ನು ರಕ್ಷಣೆ ಎಂದು ನಂಬಬಾರದು. ಆ ಕೆಲಸಕ್ಕೆ ಅಳತೆ ಮಾಡಿ ದೃಢಪಡಿಸಿದ ಕಿವಿಗವಸುಗಳೇ ಬೇಕು, ಅವನ್ನು ಕೊಡಬೇಕಾದವರು ಮಾಲೀಕರು.

ಕಿವಿ ಮುಚ್ಚಿದರೆ ಒಳಗೆ ಬೆವರೂ ತೇವವೂ ನಿಲ್ಲುತ್ತವೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಿವಿಗೆ ಶಿಲೀಂಧ್ರದ ಸೋಂಕು ತಗಲುವುದು ಹೊಸತಲ್ಲ. ಕಿವಿಗೆ ಎಣ್ಣೆ ಬಿಟ್ಟುಕೊಂಡು ಅದರ ಮೇಲೆ ಬಡ್ಸ್ ತುರುಕಿದರೆ ಅದಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ತಲೆಸ್ನಾನವಾದ ಕೂಡಲೇ ಹಾಕಬೇಡಿ. ಟಿಪ್ಪುಗಳನ್ನು ಆಗಾಗ ಬಿಚ್ಚಿ ತೊಳೆದು ಪೂರ್ತಿ ಒಣಗಿಸಿ. ಜಾಲರಿಗೆ ಗುಗ್ಗೆ ಕಟ್ಟಿದರೆ ಒಣ ಮೆದು ಬ್ರಷ್ಷಿನಿಂದ ತೆಗೆಯಿರಿ. ಪಿನ್ನು ಹಾಕಿದರೆ ಜಾಲರಿ ಹರಿಯುತ್ತದೆ. ಒಬ್ಬರ ಬಡ್ಸು ಇನ್ನೊಬ್ಬರಿಗೆ ಬೇಡ, ಅಣ್ಣ ತಮ್ಮಂದಿರಾದರೂ.

ರಸ್ತೆಯ ಮೇಲೆ ಎಎನ್‌ಸಿ ಬೇಡ. ಸ್ಕೂಟರ್ ಓಡಿಸುವಾಗ, ರೈಲು ಹಳಿ ದಾಟುವಾಗ, ರಾತ್ರಿ ಒಬ್ಬರೇ ನಡೆಯುವಾಗ ಹಿಂದಿನಿಂದ ಬರುವ ಸದ್ದೇ ನಮ್ಮ ಕಾವಲು. ಲಾರಿಯ ಎಂಜಿನ್ ಸದ್ದೂ ಈ ಯಂತ್ರ ಅತಿ ಚೆನ್ನಾಗಿ ಅಳಿಸುವ ಕೆಳದನಿಯೇ ಎನ್ನುವುದನ್ನು ಮರೆಯಬಾರದು. ಕಾಲ್ನಡಿಗೆಯಲ್ಲಿ ಹಾಕಲೇಬೇಕಾದರೆ ಹೊರಗಿನ ಸದ್ದನ್ನು ಒಳಬಿಡುವ ಟ್ರಾನ್ಸ್‌ಪರೆನ್ಸಿ ಮೋಡಿನಲ್ಲಿಡಿ. ಗಾಡಿ ಓಡಿಸುವಾಗ ಅದೂ ಬೇಡ, ಬಡ್ಸನ್ನೇ ತೆಗೆದಿಡಿ.

ನಿದ್ದೆಗೆಂದು ಬಡ್ಸ್ ಹುಡುಕುತ್ತಿರುವವರೂ ಬಹಳ ಜನ ಇದ್ದಾರೆ. ಗಂಡನ ಗೊರಕೆ, ಬೀದಿನಾಯಿ, ಮದುವೆ ಮನೆಯ ಡಿಜೆ. ಅವರು ಹಣ ಉಳಿಸಿಕೊಳ್ಳಬಹುದು. ಮಗ್ಗುಲಾಗಿ ಮಲಗಿದರೆ ಬಡ್ಸು ಕಿವಿಗೆ ಒತ್ತಿ ನೋಯುತ್ತದೆ, ಎಷ್ಟೋ ಮಾದರಿಗಳ ಬ್ಯಾಟರಿ ಬೆಳಗಿನವರೆಗೆ ಬಾಳುವುದಿಲ್ಲ. ಮೆಡಿಕಲ್ ಶಾಪಿನಲ್ಲಿ, ಆನ್‌ಲೈನಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ಗು ಒಂದು ಜೊತೆಗೆ ತೀರ ಕಡಿಮೆ ಬೆಲೆ. ಸರಿಯಾಗಿ ಹಾಕಿದರೆ 30 ಡೆಸಿಬಲ್ಲಿನ ಆಸುಪಾಸು ತಡೆಯುವಂತೆ ಅವನ್ನು ಮಾಡಿರುತ್ತಾರೆ, ಅದೂ ಚುಚ್ಚುದನಿಗಳನ್ನು ಇನ್ನೂ ಚೆನ್ನಾಗಿ. ಸರಿಯಾಗಿ ಹಾಕುವುದೆಂದರೆ ಹೀಗೆ: ಕೈ ತೊಳೆದುಕೊಂಡು, ಪ್ಲಗ್ಗನ್ನು ಎರಡು ಬೆರಳ ನಡುವೆ ಉರುಳಿಸಿ ಬತ್ತಿಯಷ್ಟು ತೆಳುವಾಗಿ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯ ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಬಾಗಿದ ನಾಳ ನೆಟ್ಟಗಾಗುತ್ತದೆ. ಹೊಸೆದದ್ದನ್ನು ಒಳಗಿಟ್ಟು, ಅದು ಪೂರ್ತಿ ಅರಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಬೆಳಗಿನ ಅಲಾರಂ ಫೋನನ್ನು ದಿಂಬಿನ ಹತ್ತಿರವೇ ವೈಬ್ರೇಟಿನಲ್ಲಿಡಿ. ತೆಗೆಯುವಾಗ ಸರಕ್ಕನೆ ಎಳೆಯದೆ, ಮೆಲ್ಲಗೆ ತಿರುಗಿಸುತ್ತ ತೆಗೆಯಿರಿ.